ಲಿಂಗಮ್ಮನ ಖಾಲಿ ಮಿಷನ್

ಶನಿವಾರಸಂತೆಗೆ ಬಂದ ಮೂರನೆಯ ದಿನವೇ ನಾನು ಪಕ್ಕದ ಮನೆಗೆ ಜಗಳಕ್ಕೆ ಹೋಗಿದ್ದೆ. ಜಗಳ ಎನ್ನುವುದು ದೊಡ್ಡ ಮಾತಾಯಿತು. ಮೈಸೂರಿನಲ್ಲಿ ಓದಿ ಬೆಳೆದವಳು, ನನಗೆ ಜೋರು ಮಾತೇ ಬರುವುದಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಸ್ವಲ್ಪ ಸದ್ದು ಕಡಿಮೆ ಮಾಡಲಾದೀತೇ ಎಂದು ಕೇಳುವುದನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡು ಹೋದೆ.

ಅದು ಐವತ್ಮೂರನೆಯ ಇಸವಿಯ ಜುಲೈ. ನಮ್ಮವರಿಗೆ ಮಡಿಕೇರಿಯಿಂದ ಆರ್ಡರು ಬಂದು ಇಲ್ಲಿನ ಮಿಡ್ಲ್ ಸ್ಕೂಲಿಗೆ ಮೇಷ್ಟರಾಗಿದ್ದರು. ನನ್ನ ಮಗ ಸುಧೀರನಿಗೆ ಆಗ ಎರಡು ತಿಂಗಳು. ನಮಗೆ ಸಿಕ್ಕ ಬಾಡಿಗೆ ಮನೆ ಒಂದು ಉದ್ದನೆಯ ಹೆಂಚಿನ ಮನೆಯ ಅರ್ಧ. ನಡುವಿನ ಗೋಡೆ ಆಳೆತ್ತರಕ್ಕಿಂತ ಒಂದು ಮೊಳ ಮೇಲಕ್ಕೆ ಹೋಗಿ ಅಲ್ಲಿಗೇ ನಿಂತಿತ್ತು. ಅದರ ಮೇಲೆ ಹೆಂಚು ಹೊದಿಸಿದ ಮಾಡು ಎರಡೂ ಮನೆಗೆ ಒಂದೇ. ಆಚೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಈಚೆ ನನಗೆ ಸೀನು ಬರುತ್ತಿತ್ತು. ಅದನ್ನು ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಬೆಳಕು ಹರಿದಾಗಿನಿಂದ ದೀಪ ಹಚ್ಚುವವರೆಗೆ ಹೊಲಿಗೆ ಮಿಷನ್ನಿನ ಸದ್ದು. ಮಗು ಕಣ್ಣು ಮುಚ್ಚಿತೆನ್ನುವಷ್ಟರಲ್ಲಿ ಗಡಗಡ ಶುರು.

ಬಾಗಿಲು ತೆರೆದೇ ಇತ್ತು. ನನ್ನದೇ ವಯಸ್ಸಿನ ಸಣಕಲು ಹೆಂಗಸು ಮಿಷನ್ನಿನ ಮುಂದೆ ಕೂತಿದ್ದಳು. ಹಿಂದೆ ತೊಲೆಗೆ ಕಟ್ಟಿದ ಸೀರೆಯ ಜೋಲಿ. ಜೋಲಿಯಿಂದ ಒಂದು ಹುರಿಹಗ್ಗ ಇಳಿದು ಬಂದು ಮಿಷನ್ನಿನ ಪೆಡಲಿಗೆ ಗಂಟು ಬಿದ್ದಿತ್ತು. ಅವಳು ತುಳಿದ ಹಾಗೆಲ್ಲ ಜೋಲಿ ನಡುಗುತ್ತಿತ್ತು. ತೂಗುವುದು ಎನ್ನುವ ಹಾಗಿರಲಿಲ್ಲ, ಬಸ್ಸಿನಲ್ಲಿ ಕೂತವರ ಮೈ ನಡುಗುವ ಹಾಗೆ. ಒಳಗೆ ಮಲಗಿದ್ದ ಮಗುವಿನ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿತ್ತು.

ನಾನು ಬಾಯಿಪಾಠ ಒಪ್ಪಿಸಿದೆ. ಅವಳು ತುಟಿಯ ನಡುವಿನ ಗುಂಡುಸೂಜಿಗಳನ್ನು ತೆಗೆಯದೆಯೇ ಕೇಳಿಸಿಕೊಂಡಳು. ಆಮೇಲೆ ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿ ಹೇಳಿದಳು:

"ಮಿಷನ್ ನಿಂತ್ರೆ ನನ್ ಕೂಸು ಏಳ್ತದೆ. ನಡುದ್ರೆ ನಿಮ್ ಕೂಸು ಏಳ್ತದೆ. ಏನ್ ಮಾಡಣ, ಓದ್ದೋರು ನೀವೇ ಹೇಳಿ ಮೇಷ್ಟ್ರಮ್ಮ."

ವಾಪಸು ಬಂದು ಮಗುವಿನ ಕಿವಿಗೆ ಹತ್ತಿ ಇಟ್ಟೆ, ಹತ್ತಿ ಒಳಗೆ ಹೋದರೇನು ಗತಿ ಎಂದು ಹೆದರಿ ತೆಗೆದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಸುಧೀರನೂ ಆ ಸದ್ದಿಗೇ ಮಲಗುವವನಾದ. ಅದು ನಿಂತರೆ ಅವನಿಗೂ ಎಚ್ಚರ.

ಲಿಂಗಮ್ಮ ಹುಟ್ಟಿದ್ದು ಕೊಡಗಿನ ಗಡಿಯಾಚೆ, ಹಾಸನದ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಬಂದದ್ದು ಕುಶಾಲನಗರದ ಹತ್ತಿರ ನೆಲೆನಿಂತ ರೈತರ ಮನೆಗೆ. ಗಂಡ ಸಣ್ಣಸ್ವಾಮಿಯ ಅಣ್ಣ ಕಲ್ಲೇಶಪ್ಪ ಕುಶಾಲನಗರದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ. ಮಧ್ಯಾಹ್ನ ಅವನಿಗೆ ಬುತ್ತಿ ಒಯ್ಯುತ್ತಿದ್ದ ಲಿಂಗಮ್ಮ ಪಾತ್ರೆ ಖಾಲಿಯಾಗುವವರೆಗೆ ಅಂಗಡಿಯ ಮೂಲೆಯಲ್ಲಿ ನಿಂತು ನೋಡುತ್ತಿದ್ದಳಂತೆ. ಕೆಲವು ದಿನ ಕಳೆದ ಮೇಲೆ ನೆಲದಲ್ಲಿ ಕೂತು ಬಟನ್ನಿಗೆ ಕಾಜ ಹಾಕತೊಡಗಿದಳು. ಹರಿದ ಅಂಗಿಗಳ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹರಡಿ, ಹೇಗೆ ಕತ್ತರಿಸಿದ್ದಾರೆಂದು ಕಲಿತಳು. ಅಕ್ಷರ ಬರುವುದಿಲ್ಲ. ಟೇಪಿನ ಅಂಕಿ ಓದುವುದಿಲ್ಲ. ಒಬ್ಬೊಬ್ಬರ ಅಳತೆಗೂ ಒಂದೊಂದು ದಾರ. ಎದೆಗೊಂದು ಗಂಟು, ತೋಳಿಗೊಂದು, ಉದ್ದಕ್ಕೊಂದು. ಗೋಡೆಯ ಮೊಳೆಗಳಲ್ಲಿ ಊರಿನ ಅರ್ಧ ಹೆಂಗಸರು ದಾರವಾಗಿ ನೇತಾಡುತ್ತಿದ್ದರು. ಯಾವುದು ಯಾರದೆಂದು ಅವಳು ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಸಣ್ಣಸ್ವಾಮಿಗೆ ಇಲ್ಲಿಯ ಮರದ ನಾಟಾ ಡಿಪೋದಲ್ಲಿ ಕೆಲಸವಾದಾಗ ಅವಳು ಬಾವನ ಹತ್ತಿರ ಹಳೆಯ ಮಿಷನ್ ಕೇಳಿದಳು. ಅವನು ಒಂದು ವರ್ಷದ ಮಾತಿನ ಮೇಲೆ ಕೊಟ್ಟ. ಹರಕು ಹೊಲಿಯಲಿಕ್ಕೆ ಮಿಷನ್ ಬೇಕಿಲ್ಲ, ಒಂದು ಮದುವೆ ಮನೆಯ ಬಟ್ಟೆಯನ್ನಾದರೂ ಹೇಳಿದ ಸಂತೆಗೆ ಸರಿಯಾಗಿ ಕೊಟ್ಟು ತೋರಿಸಲಿ, ಆಗ ಮಿಷನ್ ಅವಳದೇ. ಇಲ್ಲದಿದ್ದರೆ ಅದು ವಾಪಸು ಅಂಗಡಿಗೆ, ಅವಳು ಮಗು ನೋಡಿಕೊಂಡಿರಲಿ ಎಂದಿದ್ದ. ಮುಂದಿನ ಯುಗಾದಿಗೆ ಆ ವರ್ಷ ಮುಗಿಯುವುದಿತ್ತು.

ಇಷ್ಟೆಲ್ಲ ನನಗೆ ಗೊತ್ತಾದದ್ದು ಗೋಡೆಯ ಮೇಲಿನಿಂದ. ನಾನು ಈಚೆ ಅಕ್ಕಿ ಆರಿಸುತ್ತ, ಅವಳು ಆಚೆ ಹೊಲಿಯುತ್ತ, ಮುಖ ಕಾಣದೆ ಮಾತಾಡುತ್ತಿದ್ದೆವು.

ನನಗೂ ಒಂದು ಕೆಲಸವಿತ್ತು. ಮದುವೆಗೆ ಮುಂಚೆ ಒಂದು ವರ್ಷ ಪಾಠ ಹೇಳಿದ್ದೆ. ಹಿಂದಿಯಲ್ಲಿ ರಾಷ್ಟ್ರಭಾಷಾ ಪರೀಕ್ಷೆ ಪಾಸಾಗಿತ್ತು. ಇಲ್ಲಿಗೆ ಬಂದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಏಳು ಹುಡುಗಿಯರಿಗೆ ಹಿಂದಿ ಹೇಳಿಕೊಡತೊಡಗಿದೆ. ಅದೊಂದೂ ಇಲ್ಲದಿದ್ದರೆ ನಾನು ಓದಿದವಳೆನ್ನುವುದು ನನಗೇ ಮರೆತುಹೋಗುತ್ತಿತ್ತೋ ಏನೋ. ಆದರೆ ಆ ಎರಡು ಗಂಟೆ ನನಗೆ ಬೆಂಕಿಯ ಮೇಲೆ ಕೂತ ಹಾಗೆ. ಬಾಯಿ ಕ್ರಿಯಾಪದ ಹೇಳುತ್ತಿದ್ದರೆ ಕಿವಿ ಒಳಕೋಣೆಯಲ್ಲಿ. ಉಸಿರಾಡುತ್ತಿದ್ದಾನೋ, ಹೊದಿಕೆ ಮುಖದ ಮೇಲೆ ಬಿತ್ತೋ, ಇರುವೆ ಬಂತೋ. ಹುಡುಗಿಯರಿಗೆ ಕಾಪಿ ಬರೆಯಲು ಹೇಳಿ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಅವರು ಮುಸಿಮುಸಿ ನಗುತ್ತಿದ್ದರು. ಪಕ್ಕದ ಮಿಷನ್ ನಡೆದಷ್ಟು ಹೊತ್ತು ಮಗು ಮಲಗಿರುತ್ತಿತ್ತು, ಮಗು ಮಲಗಿದಷ್ಟು ಹೊತ್ತು ನನ್ನ ಕ್ಲಾಸು ನಡೆಯುತ್ತಿತ್ತು.

ಲಿಂಗಮ್ಮನಿಗೆ ಮದುವೆಯ ಬಟ್ಟೆ ಬಂದದ್ದು ಮರು ಮಾರ್ಚಿನಲ್ಲಿ, ಕಾಫಿ ಪಿಕಿಂಗ್ ಮುಗಿದು ಕಣವೆಲ್ಲ ಖಾಲಿಯಾದ ಮೇಲೆ. ಕೊಡ್ಲಿಪೇಟೆ ರಸ್ತೆಯ ತೋಟದ ಜಯಪ್ಪನವರ ಹೆಂಡತಿ ವನಜಮ್ಮ ಒಂದು ಸಂತೆಯ ದಿನ ಗಂಟು ತಂದು ಜಗಲಿಯಲ್ಲಿ ಇಳಿಸಿದರು. ದೊಡ್ಡ ಮಗಳ ಮದುವೆ. ಹದಿನೆಂಟು ರವಿಕೆ. ಅದರಲ್ಲಿ ಮದುವೆ ಹೆಣ್ಣಿನವು ಐದು ಮುಂದಿನ ಸಂತೆಗೆ, ಮಿಕ್ಕ ಹದಿಮೂರು ಅದರ ಮುಂದಿನ ಸಂತೆಗೆ. ವನಜಮ್ಮನ ಕಿರಿಯ ಮಗಳು ನನ್ನ ಕ್ಲಾಸಿನವಳೇ ಆದ್ದರಿಂದ ನನ್ನನ್ನೂ ಮಾತಾಡಿಸಿ ಹೋದರು. ಆ ದಿನ ಲಿಂಗಮ್ಮ ಗೋಡೆಯ ಮೇಲಿನಿಂದ ಒಂದು ಬೆಲ್ಲದ ಅಚ್ಚು ಕೊಟ್ಟಳು. ಬಾವನಿಗೆ ಹೇಳಿ ಕಳಿಸಿದೀನಿ, ಎರಡೂ ಸಂತೆಗೆ ಬಂದು ನೋಡ್ತಾರೆ ಎಂದಳು.

ಭಾನುವಾರ ಮಿಷನ್ ಸದ್ದು ಕೇಳಿಸಿತು. ಸೋಮವಾರವೂ, ಮಂಗಳವಾರವೂ. ಸೂಜಿಯ ಟಕಟಕ ಅದರಲ್ಲಿ ಇರಲಿಲ್ಲ, ಬರೇ ಚಕ್ರದ ಗಡಗಡ. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಗೋಡೆಯ ಮೇಲಿನ ಮಾತು ಕಡಿಮೆಯಾಗಿತ್ತು. ಮದುವೆ ಬಟ್ಟೆಯ ಗಡಿಬಿಡಿ ಎಂದುಕೊಂಡೆ. ಒಗ್ಗರಣೆಯ ವಾಸನೆಯೂ ಬರುತ್ತಿಲ್ಲವಲ್ಲ ಎಂದು ಅನ್ನಿಸಿದ್ದೂ ಹೌದು.

ಬುಧವಾರ ಕ್ಲಾಸು ಬಿಡುವ ಹೊತ್ತಿಗೆ ವನಜಮ್ಮ ಮಗಳನ್ನು ಕರೆದೊಯ್ಯಲು ಬಂದರು. ಬಟ್ಟೆ ಎಲ್ಲಿಗೆ ಬಂತೋ ಎಂದರು. ನಾನು ಲಿಂಗಮ್ಮನಿಗೆ ಒಳ್ಳೆಯದಾಗಲಿ ಎಂದೇ ಹೇಳಿದೆ: "ಬೆಳಿಗ್ಗೆಯಿಂದ ಸಂಜೆಯವರೆಗೆ ಮಿಷನ್ ನಿಲ್ಲಿಸೋದೇ ಇಲ್ಲ. ನಾಲ್ಕು ದಿನದಿಂದ ಒಂದೇ ಸಮ ತುಳೀತಿದ್ದಾರೆ. ನೀವು ಯೋಚನೆ ಮಾಡಬೇಡಿ."

ವನಜಮ್ಮ ಸಂತೋಷದಿಂದ ಪಕ್ಕದ ಬಾಗಿಲು ತಟ್ಟಿದರು. ಬಾಗಿಲು ಅರ್ಧವೇ ತೆರೆಯಿತು. ಆದದ್ದನ್ನು ಒಂದು ತೋರಿಸು ಎಂದರು. ಒಂದೂ ಆಗಿಲ್ಲ ಎಂದಳು ಲಿಂಗಮ್ಮ. ಬಟ್ಟೆಗೆ ಕತ್ತರಿಯಾದರೂ ಬಿತ್ತೇ ಎಂದರು. ಇಲ್ಲ ಎಂದಳು.

"ನಾಕ್ ದಿನದಿಂದ ತುಳೀತಿದ್ದೀಯಂತೆ. ನಮ್ದಲ್ದಿದ್ರೆ ಯಾರದ್ದು? ನಮ್ಗಿಂತ ದೊಡ್ಡ್ ಮನೆಯೋರು ಯಾರ್ ಸಿಕ್ಕಿದ್ರು ನಿಂಗೆ?"

ಲಿಂಗಮ್ಮ ಬಾಗಿಲನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು. ಶನಿವಾರ ಗಾಡಿ ತರುತ್ತೇನೆ, ಗಂಟು ಹೇಗಿದೆಯೋ ಹಾಗೆ ಕೊಟ್ಟುಬಿಡು, ಸೋಮವಾರಪೇಟೆಯಲ್ಲಿ ಟೈಲರುಗಳಿಗೆ ಬರಗಾಲವಿಲ್ಲ ಎಂದು ವನಜಮ್ಮ ಮಗಳ ಕೈ ಹಿಡಿದು ಹೊರಟರು.

ಅವರು ಬೀದಿ ತಿರುಗಿದ ಕೂಡಲೇ ನಾನು ಹಿತ್ತಿಲಿನಿಂದ ಲಿಂಗಮ್ಮನ ಅಡುಗೆಮನೆಗೆ ಹೋದೆ. ಒಲೆ ಆರಿತ್ತು. ಜೋಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು, ಬೀದಿಯವರಿಗೆ ಕಾಣದ ಮಗ್ಗುಲಿಗೆ. ಒಳಗೆ ಅವಳ ಮಗಳು ಕೆಂಪಿ, ಒಂದೂವರೆ ವರ್ಷದ್ದು. ಮುಖ, ಎದೆ, ಹೊಟ್ಟೆಯೆಲ್ಲ ಕೆಂಪು ಗುಳ್ಳೆ, ಕಣ್ಣು ಅಂಟಿಕೊಂಡು. ದಡಾರ. ಮಿಷನ್ನಿನ ಬೆಲ್ಟು ಬಿಚ್ಚಿತ್ತು. ಸೂಜಿಯಲ್ಲಿ ದಾರವಿಲ್ಲ, ಸೂಜಿಯೇ ಇಲ್ಲ. ವನಜಮ್ಮನ ಗಂಟು ಅಟ್ಟದ ಮೇಲೆ, ತಂದಾಗ ಬಿಗಿದ ಗಂಟಿನಲ್ಲೇ ಇತ್ತು.

"ಭಾನುವಾರ ಬೆಳಿಗ್ಗೆ ಅಮ್ಮ ಬಂದ್ಲು," ಎಂದಳು ಲಿಂಗಮ್ಮ. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಬಟ್ಟೆಗೆ ಸೂಜಿ ಚುಚ್ಚುವ ಹಾಗಿಲ್ಲ. ಚುಚ್ಚಿದರೆ ಅದು ಮಗುವಿನ ಮೈಗೇ ಚುಚ್ಚಿದ ಹಾಗೆ. ಒಂಬತ್ತನೆಯ ದಿನ ತಲೆಗೆ ನೀರು ಹಾಕುವವರೆಗೆ ಕೆಲಸವಿಲ್ಲ. ಆದರೆ ಕೆಂಪಿಗೆ ಸದ್ದಿಲ್ಲದೆ ನಿದ್ದೆಯಿಲ್ಲ. ಮೈ ಉರಿಗೆ ಕಿರುಚಿಕೊಳ್ಳುವ ಮಗುವನ್ನು ಮಲಗಿಸಲು ಅವಳು ನಾಲ್ಕು ದಿನದಿಂದ ಬೆಲ್ಟು ಬಿಚ್ಚಿದ ಮಿಷನ್ನನ್ನು ಖಾಲಿ ತುಳಿಯುತ್ತಿದ್ದಳು. ವನಜಮ್ಮನಿಗೆ ನಿಜ ಹೇಳಿದ್ದರೆ ಮದುವೆಯ ಬಟ್ಟೆಯನ್ನು ಅಮ್ಮ ಇರುವ ಮನೆಯಲ್ಲಿ ಯಾರು ಬಿಡುತ್ತಾರೆ? ತಲೆಗೆ ನೀರು ಬಿದ್ದ ಮೇಲೆ ಕೂತರೆ ನಾಲ್ಕು ದಿನದಲ್ಲಿ ಮುಗಿಸಿಬಿಡಬಹುದು, ಹೆಣ್ಣಿನ ಐದಕ್ಕೆ ಏನಾದರೂ ನೆವ ಹೇಳಿದರಾಯಿತು ಎಂದು ಅವಳ ಲೆಕ್ಕ. ಆ ಲೆಕ್ಕವನ್ನು ನಾನು ಒಂದೇ ಮಾತಿನಲ್ಲಿ ಹೊಸಕಿ ಹಾಕಿದ್ದೆ.

ಅವಳ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಹಿಂದಿನ ಗುರುವಾರ ಸುಧೀರನನ್ನು ಅವಳ ಮಡಿಲಲ್ಲಿ ಬಿಟ್ಟು ನಾನು ಅಂಗಡಿಗೆ ಹೋಗಿದ್ದೆ. ಕೆಂಪಿ ಮೂಗು ಸೋರಿಸಿಕೊಂಡು ಅವನ ಕೆನ್ನೆ ನೆಕ್ಕುತ್ತಿದ್ದಳು.

"ನನಗಾದರೂ ಹೇಳಬಾರದಿತ್ತೇ? ನನ್ನ ಮಗುವಿಗೆ ಹತ್ತು ತಿಂಗಳು ಲಿಂಗಮ್ಮ."

"ಹೇಳಿದ್ರೆ ನೀವು ಕ್ಲಾಸ್ ನಿಲ್ಸ್ತಿದ್ರಿ. ಯಾಕೆ ಅಂತ ಹುಡುಗೀರು ಮನೇಲಿ ಹೇಳೋರು. ವನಜಮ್ಮನ್ ಮಗ್ಳೇ ಮೊದ್ಲು ಹೇಳೋಳು."

ಅದು ನಿಜವೇ. ನಿಜವಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಮನೆಗೆ ಓಡಿ ಬಂದು ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತಿಕ್ಕಿದೆ. ಮಗುವಿನ ಬಟ್ಟೆಯನ್ನೆಲ್ಲ ಕುದಿಸಿದೆ. ನಮ್ಮವರು ಸ್ಕೂಲಿನಿಂದ ಬಂದವರು ಎಲ್ಲ ಕೇಳಿ, ಬರುವುದಿದ್ದರೆ ಬಂದಾಗಿದೆ, ಬಟ್ಟೆ ಕುದಿಸಿ ಏನು ಫಲ ಎಂದರು. ಅವರ ಮಾತು ಸರಿ ಇದ್ದಾಗಲೇ ನನಗೆ ಹೆಚ್ಚು ಕೆರಳುವುದು. ಗುರುವಾರ ಶುಕ್ರವಾರ ನೆಗಡಿಯ ನೆವ ಹೇಳಿ ಹುಡುಗಿಯರನ್ನು ಬಾಗಿಲಿನಿಂದಲೇ ಕಳಿಸಿದೆ. ಅಲ್ಲಿಗೆ ನಾನೂ ಸುಳ್ಳು ಹೇಳಿದವಳಾದೆ. ಯಾರ ಮನೆಯಲ್ಲೋ ಇನ್ನೊಂದು ಕೂಸಿಗೆ ಹತ್ತಿದರೆ ಆ ಪಾಪ ಯಾರದ್ದು? ಹೇಳಿದರೆ ಲಿಂಗಮ್ಮನ ಗತಿ ಏನು? ಅಕ್ಕಿಗೆ ಎರಡು ಸಲ ನೀರಿಟ್ಟೆ, ಎರಡು ಸಲವೂ ಸೀಯಿಸಿದೆ. ಆಚೆಯಿಂದ ಖಾಲಿ ಮಿಷನ್ನಿನ ಸದ್ದು. ಅದೇ ಸದ್ದಿಗೆ ಸುಧೀರ ಮಲಗುತ್ತಿದ್ದ, ಮಲಗಿದವನ ಹೊಟ್ಟೆ, ಬೆನ್ನು, ಕಿವಿಯ ಹಿಂದೆ ನಾನು ಗುಳ್ಳೆ ಹುಡುಕುತ್ತಿದ್ದೆ.

ಶನಿವಾರ ಸಂತೆ ಸೇರುವ ಹೊತ್ತಿಗೆ ಕುಶಾಲನಗರದಿಂದ ಕಲ್ಲೇಶಪ್ಪ ಬಂದಿಳಿದ. ದಪ್ಪ ಕನ್ನಡಕ, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಅವನು ಜಗಲಿಯಲ್ಲಿ ಕೂರುವುದಕ್ಕೂ ವನಜಮ್ಮನ ಗಾಡಿ ಬಂದು ನಿಲ್ಲುವುದಕ್ಕೂ ಸರಿಯಾಯಿತು. ವನಜಮ್ಮ ಗಂಟು ಕೇಳಿದರು. ಲಿಂಗಮ್ಮ ಅಟ್ಟದಿಂದ ಇಳಿಸಿ ತಂದು ಜಗಲಿಯ ಅಂಚಿನಲ್ಲಿಟ್ಟು ದೂರ ನಿಂತಳು. ಕಲ್ಲೇಶಪ್ಪ ಬಿಚ್ಚದ ಗಂಟನ್ನೂ ತಮ್ಮನ ಹೆಂಡತಿಯ ಮುಖವನ್ನೂ ನೋಡಿ, "ಇದೇನಾ ನೀನ್ ಹೊಲ್ದಿದ್ದು?" ಎಂದ.

ಅವಳು ಒಳಗಿನ ಜೋಲಿಯ ಕಡೆ ನೋಡಿದಳು. ನಾನು ನಮ್ಮ ಬಾಗಿಲಲ್ಲಿ ಸುಧೀರನನ್ನು ಎತ್ತಿಕೊಂಡು ನಿಂತಿದ್ದೆ. ಬಾಯಿಪಾಠ ಮಾಡಿಕೊಳ್ಳಲು ಸಮಯವಿರಲಿಲ್ಲ.

"ವನಜಮ್ಮ, ನಾನು ಹೇಳಿದ್ದು ತಪ್ಪು. ಅವರು ಯಾರ ಬಟ್ಟೆಯನ್ನೂ ಹೊಲೀಲಿಲ್ಲ. ಮಿಷನ್ ಖಾಲಿ ಓಡ್ತಿತ್ತು. ಮಗುವಿಗೆ ದಡಾರ."

ಲಿಂಗಮ್ಮ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಮರೆಯಲಾರೆ. ವನಜಮ್ಮ ಮೆಟ್ಟಿಲಿಂದ ಎರಡು ಹೆಜ್ಜೆ ಕೆಳಗಿಳಿದು ಸೆರಗನ್ನು ಮೈಗೆ ಎಳೆದುಕೊಂಡರು. ಆಮೇಲೆ ಅವರು ಎಷ್ಟನೆಯ ದಿನ ಎಂದು ಕೇಳಿದರು. ಏಳು ಎಂದಳು ಲಿಂಗಮ್ಮ. ತಲೆಗೆ ನೀರು? ಸೋಮವಾರ. ಸೂಜಿ ಮುಟ್ಟಿದ್ದೀಯಾ ಎಂದು ಕೇಳಿದರು. ಲಿಂಗಮ್ಮ ಗಂಟಿನ ಕಡೆ ಕೈ ತೋರಿಸಿದಳು. ವನಜಮ್ಮ ತಾವೇ ಬಿಗಿದಿದ್ದ ಗಂಟನ್ನು ಬಗ್ಗಿ ನೋಡಿದರು.

"ಹೆಣ್ಣಿನ್ ಬಟ್ಟೆ ಇಲ್ಲಿ ಬಿಡಕ್ಕಾಗಲ್ಲ ಕಣಮ್ಮ. ನಾಳೆ ಏನಾರ ಆದ್ರೆ ನಮ್ಮತ್ತೆ ನನ್ನೇ ಅನ್ನೋದು. ಐದು ನಾನ್ ಒಯ್ತೀನಿ. ಮಿಕ್ಕಿದ್ದು ನೀರ್ ಬಿದ್ಮೇಲೆ ಮಾಡು, ಮುಂದಿನ್ ಸಂತೆಗೆ. ನೀನು ಸೂಜಿ ಹಾಕಿದ್ದಿದ್ರೆ ಒಂದ್ ತುಂಡೂ ಬಿಡ್ತಿರ್ಲಿಲ್ಲ."

ಐದು ತುಂಡನ್ನು ಆರಿಸಿ, ಅರಿಸಿನದ ನೀರು ಚಿಮುಕಿಸಿ, ಗಾಡಿ ಹತ್ತಿಸಿದರು. ಹೋಗುವಾಗ ನನಗೆ, ಇನ್ನು ಎಂಟು ದಿನ ಮಗಳನ್ನು ಪಾಠಕ್ಕೆ ಕಳಿಸುವುದಿಲ್ಲ ಎಂದರು. ಕಳಿಸಬೇಡಿ ಎಂದೆ, ಉಳಿದ ಮನೆಗಳಿಗೂ ನಾನೇ ಹೇಳಿ ಕಳಿಸುತ್ತೇನೆ ಎಂದೆ. ಅವತ್ತು ಸಂಜೆಯೊಳಗೆ ಆರೂ ಮನೆಗೆ ಸುದ್ದಿ ಮುಟ್ಟಿಸಿದೆ.

ಕಲ್ಲೇಶಪ್ಪ ಅಷ್ಟರಲ್ಲಿ ಒಳಗೆ ಹೋಗಿ ಮಿಷನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಪೆಡಲಿನ ಕೀಲಿಗೆ ಎಣ್ಣೆ ಬಿಡುತ್ತಿದ್ದ. ಒಣ ತುಳಿದು ತುಳಿದು ಕೀಲು ಸವೆದಿದೆಯೆಂದು ಬಯ್ದ. ಮದುವೆ ಬಟ್ಟೆ ಅಂದರೆ ಹೆಣ್ಣಿನದು, ಅದೇ ಹೋಯಿತು. ಮಾತಿನ ಪ್ರಕಾರ ಮಿಷನ್ ಇವತ್ತೇ ಬಸ್ಸಿಗೆ ಏರಬೇಕು ಎಂದ. ಲಿಂಗಮ್ಮ ಮೊದಲ ಸಲ ಗಟ್ಟಿಯಾಗಿ ಮಾತಾಡಿದಳು.

"ಹದಿಮೂರು ಅವೆ ಬಾವ. ಶನಿವಾರ ಬಂದು ಎಣುಸ್ಕೊಳಿ. ಒಂದ್ ಕಮ್ಮಿ ಇದ್ರೂ ನಾನೇ ಎತ್ತಿ ಬಸ್ಸಿಗೆ ಹಾಕ್ತೀನಿ."

ಕಲ್ಲೇಶಪ್ಪ, ನಾಲ್ಕು ದಿನದಲ್ಲಿ ಹದಿಮೂರು ತನ್ನ ಅಂಗಡಿಯಲ್ಲೂ ಕಷ್ಟ ಎಂದು ಗೊಣಗಿ, ಹೊಸ ಬೆಲ್ಟು ತರುತ್ತೇನೆ, ಇಲ್ಲಿಗೋ ಅಂಗಡಿಗೋ ಅಂತ ಆಗ ನೋಡುವಾ ಎಂದು ಎದ್ದ.

ಲಿಂಗಮ್ಮ ನನ್ನ ಜೊತೆ ಮಾತು ಬಿಟ್ಟಳು. ಸೋಮವಾರ ಕೆಂಪಿಯ ತಲೆಗೆ ನೀರು ಬಿತ್ತು. ಮಂಗಳವಾರ ಬೆಳಿಗ್ಗೆ ಸೂಜಿಯ ಟಕಟಕ ಕೇಳಿದಾಗ ನಾನು ಒಲೆಯ ಮುಂದೆ ಕೂತು ಅತ್ತೆ. ಆದರೆ ಸದ್ದು ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ಕಾಯಿಲೆಯಿಂದ ಎದ್ದ ಕೆಂಪಿ ಜೋಲಿಯಲ್ಲಿ ಇರಲೊಲ್ಲದು, ನಡುಗಿಸಿದರೂ ಇಲ್ಲ, ಮಡಿಲೇ ಬೇಕು. ಮಡಿಲಲ್ಲಿ ಕೂತು ಬಟ್ಟೆ ಎಳೆಯುತ್ತದೆ. ಮಧ್ಯಾಹ್ನದವರೆಗೆ ತಡೆದೆ. ಅಮ್ಮ ಇಳಿದ ಮಗುವಿನಿಂದ ಹತ್ತುವುದಿಲ್ಲ ಎಂದು ನಮ್ಮವರು ಪುಸ್ತಕ ನೋಡಿ ಹೇಳಿದ್ದರು. ಪುಸ್ತಕದ ಮೇಲೂ ನನಗೆ ಅನುಮಾನ. ಕಡೆಗೆ ಹಿತ್ತಿಲಿಗೆ ಹೋಗಿ ಕೈ ಚಾಚಿದೆ. ಲಿಂಗಮ್ಮ ನನ್ನ ಮುಖ ನೋಡದೆ ಮಗಳನ್ನು ಕೊಟ್ಟಳು. ಮಂಗಳವಾರ, ಬುಧವಾರ ಎರಡು ಮಕ್ಕಳು ನನ್ನ ಸೊಂಟದ ಎರಡೂ ಮಗ್ಗುಲಿಗೆ. ಖಾಲಿ ಕ್ಲಾಸಿನ ಕೋಣೆಯಲ್ಲಿ ನಾನು ಅವರಿಬ್ಬರನ್ನೂ ಹಿಂದಿಯಲ್ಲೇ ಬೆದರಿಸುತ್ತ ಓಡಾಡಿದೆ. ಸುಧೀರನ ಮೈ ಬಿಸಿ ಇತ್ತು. ಹಲ್ಲು ಬರುತ್ತಿದೆ, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ.

ಗುರುವಾರ ಬೆಳಿಗ್ಗೆ ಅವನಿಗೆ ಸ್ನಾನ ಮಾಡಿಸಲು ಬಟ್ಟೆ ತೆಗೆದಾಗ ಕಿವಿಯ ಹಿಂದೆ ಕೆಂಪು. ಮಧ್ಯಾಹ್ನಕ್ಕೆ ಎದೆಗಿಳಿಯಿತು.

ಆಗ ಹೆದರಿಕೆಯ ನಡುವೆಯೇ ಇನ್ನೊಂದು ಯೋಚನೆ ನನ್ನನ್ನು ಹಿಡಿಯಿತು. ಮಾಡು ಒಂದೇ. ಗೋಡೆ ಮೇಲಿನವರೆಗೆ ಹೋಗಿಲ್ಲ. ನನ್ನ ಮನೆಯಲ್ಲಿ ಅಮ್ಮ ಬಂದರೆ ಲಿಂಗಮ್ಮ ಸೂಜಿ ಹಾಕಬಹುದೋ, ಹಾಕಬಾರದೋ? ಅವಳು ಇನ್ನೂ ಎಂಟನ್ನೇ ಮುಗಿಸಿದ್ದಳು, ಐದು ಬಾಕಿ. ನನಗೆ ಈ ಕಟ್ಟಳೆಯಲ್ಲಿ ನಂಬಿಕೆಯಿಲ್ಲ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಬಟ್ಟೆ ಮುಗಿಯುತ್ತದೆ, ಮಿಷನ್ ಉಳಿಯುತ್ತದೆ. ಆದರೆ ಅವಳು ನನಗೆ ಹೇಳಲಿಲ್ಲವೆಂದು ಹಾರಾಡಿದವಳು ನಾನೇ. ಅವಳಿಗೆ ಹೇಳದೆ ಅವಳ ಕೈಯಲ್ಲಿ ಸೂಜಿ ಹಾಕಿಸಿ, ನಾಳೆ ಅವಳಿಗೆ ಅದು ಗೊತ್ತಾದರೆ? ಕೆಂಪಿಗೆ ಏನಾದರೂ ಆದರೆ ಅವಳು ಬದುಕಿರುವವರೆಗೆ ಅದು ಆ ಸೂಜಿಯಿಂದಲೇ ಎಂದುಕೊಳ್ಳುವುದಿಲ್ಲವೇ? ಸುಧೀರನನ್ನು ಹೆಗಲಿಗೆ ಹಾಕಿಕೊಂಡು ಕೋಣೆಯಲ್ಲಿ ಹದಿನೈದು ಸಲ ಆ ಕಡೆ ಈ ಕಡೆ ನಡೆದೆ. ಕೆಂಪಿ ನನ್ನ ಸೆರಗು ಹಿಡಿದು ಹಿಂದೆಯೇ ನಡೆದಳು.

ಗೋಡೆಯ ಹತ್ತಿರ ನಿಂತು ಕೂಗಿದೆ. "ಲಿಂಗಮ್ಮ, ಸುಧೀರನಿಗೂ ಬಂತು."

ಮಿಷನ್ ನಿಂತಿತು. ಸುಧೀರ ಎದ್ದು ಅಳತೊಡಗಿದ. ಆಮೇಲೆ ಐದು ದಿನಗಳಲ್ಲಿ ಮೊದಲ ಬಾರಿ ಅವಳ ದನಿ.

"ಮೇಷ್ಟ್ರಮ್ಮ, ಭಾನುವಾರದಿಂದ ಈಚೆಗೆ ನಾನು ನಿಮ್ಮ ಒಲೆಯಿಂದ ಕೆಂಡ ತಗೊಂಡಿದೀನಾ?"

ಇಲ್ಲ ಎಂದೆ. ಮಾತೇ ಇರಲಿಲ್ಲವಲ್ಲ.

"ಅನ್ನ, ಸಾರು?"

ಅದೂ ಇಲ್ಲ.

"ಹಂಗಾರೆ ಒಲೆ ಎರಡು. ಒಲೆ ಎರಡಾದ್ರೆ ಮನ್ಯೂ ಎರಡು. ಮಾಡು ಒಂದಾದ್ರೆ ಏನು, ಸಂತೆ ಮಾಳಕ್ಕೂ ಮಾಡು ಒಂದೇ." ಸ್ವಲ್ಪ ತಡೆದು ಸೇರಿಸಿದಳು, "ಆದ್ರೆ ಇವತ್ತಿಂದ ನೀರು ಬೀಳೋಗಂಟ ನಿಮ್ಮನೆಯಿಂದ ನಮ್ಮನೆಗೆ ಒಂದ್ ಕಡ್ಡೀನೂ ದಾಟೋ ಹಂಗಿಲ್ಲ. ಕೆಂಪೀನ ಹಿತ್ಲಲ್ಲಿ ಬಿಡಿ. ನಾನ್ ಕರ್ಕೋತೀನಿ."

ಕೆಂಪಿಯನ್ನು ಹಿತ್ತಿಲಿನ ಕಲ್ಲಿನ ಮೇಲೆ ಕೂರಿಸಿ ಬಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಸೂಜಿಯ ಸದ್ದು. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊಲಿಯುತ್ತಿದ್ದಾಳೆಂದು ಅವಳ ಗದರಿಕೆಯಿಂದ ಗೊತ್ತಾಗುತ್ತಿತ್ತು. ಗುರುವಾರ ಇಡೀ, ಶುಕ್ರವಾರ ಇಡೀ. ನಾನು ಈಚೆ ಉರಿಯುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅವನ ಕಣ್ಣಿಗೆ ಬೆಳಕು ತಾಗದ ಹಾಗೆ ಕಿಟಕಿಗೆ ಸೀರೆ ಕಟ್ಟಿದ್ದೆ. ಸರ್ಕಾರಿ ಡಾಕ್ಟರು ಬಂದು ಇದಕ್ಕೆ ಔಷಧಿ ಇಲ್ಲ, ನೀರು ಕುಡಿಸಿ, ಎದೆಗೆ ಕಫ ಇಳಿಯದಂತೆ ನೋಡಿಕೊಳ್ಳಿ ಎಂದು ಹೋಗಿದ್ದರು. ಹೇಗೆ ನೋಡಿಕೊಳ್ಳುವುದೆಂದು ಹೇಳಲಿಲ್ಲ. ನಾನು ಅವನ ಎದೆಗೆ ಕಿವಿಯಿಟ್ಟು ಉಸಿರು ಎಣಿಸುತ್ತಿದ್ದೆ, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ.

ಶನಿವಾರ ಬೆಳಿಗ್ಗೆ ಆಚೆ ಜಗಲಿಯಲ್ಲಿ ಗಾಡಿ ನಿಂತ ಸದ್ದು, ವನಜಮ್ಮನ ದನಿ. ನಾನು ಹೊರಗೆ ಹೋಗುವಂತಿರಲಿಲ್ಲ. ಕತ್ತಲ ಕೋಣೆಯಲ್ಲಿ ಮಗುವಿನೊಡನೆ ಕೂತು ಎಲ್ಲವನ್ನೂ ಕಿವಿಯಿಂದಲೇ ನೋಡಿದೆ. ಪಕ್ಕದಲ್ಲೇ ಕಾಯಿಲೆ ಇದೆಯಲ್ಲ ಎಂದು ವನಜಮ್ಮ ಅನುಮಾನಿಸಿದರು. ಒಲೆ ಬೇರೆ ಅವ್ವಾರೆ ಎಂದಳು ಲಿಂಗಮ್ಮ. ಒಲೆ ಬೇರೆಯಾದ್ರೆ ಸರಿ ಎಂದರು ವನಜಮ್ಮ. ಒಂದೊಂದೇ ರವಿಕೆ ಹರವುವ ಸರಸರ. ಹತ್ತು, ಹನ್ನೊಂದು ಎಂದು ಎಣಿಸಿದ್ದು ಕಲ್ಲೇಶಪ್ಪ. ಹನ್ನೆರಡರ ಹತ್ತಿರ ನಿಂತ. ಕಾಜ ಸಡಿಲ, ಬಟನ್ ಹಾಕಿದರೆ ಜಾರುತ್ತದೆ ಎಂದ. ಇಲ್ಲೇ ಸರಿ ಮಾಡುತ್ತೇನೆಂದು ಲಿಂಗಮ್ಮ ಜಗಲಿಯಲ್ಲೇ ಕೂತಳು. ಅಷ್ಟರಲ್ಲಿ ಕೆಂಪಿ ಅಳುತ್ತಿತ್ತು. ಬಾರೇ ಎಂದು ಯಾರೋ ಮಗುವನ್ನು ಎತ್ತಿಕೊಂಡರು, ವನಜಮ್ಮ ಇರಬೇಕು.

ಹದಿಮೂರು.

ಗಾಡಿ ಹೊರಟಿತು. ಆಮೇಲೆ ಕಲ್ಲೇಶಪ್ಪ ಒಳಗೆ ಬಂದ ಹೆಜ್ಜೆ. ಮಿಷನ್ ಎತ್ತುವುದಾದರೆ ಮೊದಲು ಅದರ ಕಬ್ಬಿಣದ ಕಾಲು ನೆಲಕ್ಕೆ ಉಜ್ಜಬೇಕು. ಆ ಸದ್ದಿಗಾಗಿ ಕಾದೆ. ಚರ್ಮ ಬಿಗಿಯುವ ಕಿರಕಿರ ಕೇಳಿಸಿತು. ಹೊಸ ಬೆಲ್ಟು ಹಾಕುತ್ತಿದ್ದ. ವಾರಕ್ಕೊಮ್ಮೆ ಎಣ್ಣೆ ಬಿಡು, ಮಗು ಮಲಗ್ಸಕ್ಕೆ ಅಂತ ಇದನ್ನ ಸಾಯಿಸ್ಬೇಡ, ಬಸ್ಸಿಗೆ ಹೊತ್ತಾಯ್ತು ಎಂದು ಹೊರಟುಹೋದ.

ಮಿಷನ್ ಮಾತ್ರ ಇನ್ನೂ ಶುರುವಾಗಲಿಲ್ಲ. ಅವಳು ಅಳುತ್ತಿದ್ದಳೋ, ಕೂತಲ್ಲೇ ನಿದ್ದೆ ಹೋಗಿದ್ದಳೋ. ಸುಧೀರ ಮುಲುಗಿದ. ಗೋಡೆಯ ಮೇಲಿನಿಂದ ಲಿಂಗಮ್ಮ ಕೇಳಿದಳು, "ಇವತ್ತಿಗೆ ಎಷ್ಟನೇ ದಿನ ಮೇಷ್ಟ್ರಮ್ಮ?"

"ಮೂರು," ಎಂದೆ.

"ನೀರಿಗೆ ಇನ್ನು ಆರು," ಎಂದಳು ಅವಳು.